ಗೌರಿ ಹೂ ಕೀಳಬೇಡಿ, ಬಿತ್ತಿ!

ಶ್ರಾವಣ ಹಿಡಿಯಿತೆಂದರೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟಿಗೆ ಗಿರಾಕಿ ಜಾಸ್ತಿ. ರಸ್ತೆ ಬದಿಯ ಧರೆಯ ಮೇಲೆ ಗುಲಾಬಿ ಬಣ್ಣ ಚೆಲ್ಲಿದ ಹಾಗೆ ಗೌರಿ ಹೂ! ಕರ್ಣಕುಂಡಲ ಅಂತಲೂ ಇದಕ್ಕೆ ಹೆಸರು. ಕಾಸು ಕೊಟ್ಟು ತಂದದ್ದಲ್ಲ, ಗೊಬ್ಬರ ಹಾಕಿ ಸಾಕಿದ್ದಲ್ಲ. ಮಳೆಯನ್ನೇ ನಂಬಿ ಹುಟ್ಟುವ ಈ ನೆಲದ ಗಿಡ.

ಆದರೆ ರಸ್ತೆ ಅಗಲವಾದ ಕಡೆ ಧರೆ ಹೋಯಿತು, ಚರಂಡಿಗೆ ಸಿಮೆಂಟು ಬಿತ್ತು. ಕಳೆನಾಶಕ ಹೊಡೆದ ಕಡೆ ಹುಲ್ಲಿನ ಜತೆ ಹೂವೂ ಸುಟ್ಟುಹೋಯಿತು. ಉಳಿದದ್ದನ್ನು ಕೆಲವರು ಬೇರುಸಹಿತ ಕಿತ್ತು ಮನೆಗೊಯ್ಯುತ್ತಾರೆ. ಏನು ಲಾಭ? ಕಾಂಡದ ತುಂಬ ಬರೀ ನೀರು; ಊರು ಮುಟ್ಟುವಷ್ಟರಲ್ಲಿ ಬಾಡಿ ಜೋತುಬಿದ್ದಿರುತ್ತದೆ. ಇದು ಒಂದೇ ಮಳೆಗಾಲದ ಗಿಡ. ಬೀಜ ಉದುರುವ ಮೊದಲೇ ಕಿತ್ತರೆ ಮರುವರ್ಷ ಆ ಜಾಗ ಖಾಲಿ.

ಮಾಡಬೇಕಾದ್ದೇನು?

ಬೀಜ ತನ್ನಿ. ಬಲಿತ ಕಾಯಿ ಮುಟ್ಟಿದರೆ ಸಾಕು, ಪಟ್ಟನೆ ಸಿಡಿದು ಬೀಜ ದಿಕ್ಕಾಪಾಲು! ಅದಕ್ಕೇ ಮೊದಲು ಕಾಯಿಗೆ ಕಾಗದದ ಪೊಟ್ಟಣ ಹಿಡಿದು ಆಮೇಲೆ ಮುಟ್ಟಬೇಕು. ಎಲ್ಲವನ್ನೂ ಬಳಿಯದೆ ಗಿಡದಲ್ಲೂ ಅಷ್ಟು ಬಿಡಿ. ತಂದ ಬೀಜವನ್ನು ನೆರಳಲ್ಲಿ ಒಣಗಿಸಿಡಿ.

ಜೂನ್‌ನಲ್ಲಿ ಮಳೆ ಬಿದ್ದು ಮಣ್ಣು ಹದವಾದಾಗ ಗೇಣಿಗೊಂದರಂತೆ ಬಿತ್ತಿ. ಒಂದೆರಡು ವಾರಕ್ಕೆ ಮೊಳಕೆ, ಹೆಚ್ಚುಕಡಿಮೆ 2 ತಿಂಗಳಿಗೆ ಹೂ. ಭಾದ್ರಪದದ ಗೌರಿ ಹಬ್ಬಕ್ಕೆ ಲೆಕ್ಕ ಸರಿಹೋಯಿತಲ್ಲ!

ಬೆಳಗಿನ ಬಿಸಿಲು, ಮಧ್ಯಾಹ್ನದ ನೆರಳು ಇದ್ದರೆ ಒಳ್ಳೆಯದು. ಮಣ್ಣು ಸದಾ ತೇವವಿರಬೇಕು, ಆದರೆ ನೀರು ನಿಲ್ಲಬಾರದು. ನಿಂತರೆ ಬುಡ ಕೊಳೆಯುತ್ತದೆ. ಬೇರು ಮೇಲುಮೇಲೆ ಇರುವುದರಿಂದ ಮಳೆ ಬಿಡುವು ಕೊಟ್ಟ ದಿನ ನೀರು ಹಾಕಲೇಬೇಕು. ಹಿತ್ತಿಲಿಲ್ಲದ ಅಂಗಡಿಯವರಿಗೆ ತಳ ತೂತು ಮಾಡಿದ ಎಣ್ಣೆ ಡಬ್ಬವೇ ಸಾಕು.

ಎರಡು ಎಚ್ಚರಿಕೆ

ಬೆಂಕಿಯ ನಾಲಗೆಯಂತೆ ಕೆಂಪು-ಹಳದಿ ಎಸಳಿನ ಬಳ್ಳಿಗೂ ಕೆಲವೆಡೆ ಗೌರಿ ಹೂ ಅಂತಾರೆ. ಅದು ಅಗ್ನಿಶಿಖೆ. ಅದರ ಗಡ್ಡೆ ತಿಂದರೆ ಜೀವಕ್ಕೇ ಅಪಾಯ. ಮಕ್ಕಳಿರುವ ಮನೆಯವರು ಗಿಡ ನೋಡಿಯೇ ಬೀಜ ತರಲಿ.

ಇನ್ನು ಪಶ್ಚಿಮಘಟ್ಟದ ಒದ್ದೆ ಬಂಡೆ, ಮರದ ಕಾಂಡ ಕಚ್ಚಿಕೊಂಡು ಬೆಳೆಯುವ ಇದೇ ಜಾತಿಯ ಅಪರೂಪದ ಹೂಗಳನ್ನು ಮುಟ್ಟಲೇಬೇಡಿ. ಕೆಲವು ಲೋಕದಲ್ಲಿ ಬೇರೆಲ್ಲೂ ಇಲ್ಲ. ಊರಿನ ಸೆಕೆಗೆ ಬದುಕುವುದೂ ಇಲ್ಲ. ರಾಷ್ಟ್ರೀಯ ಉದ್ಯಾನದೊಳಗಿಂದ ಗಿಡ ತಂದರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ.

ಧರೆಯ ಗೌರಿ ಹೂ ಹಾಗಲ್ಲ, ಊರಿಗೆ ಒಗ್ಗುತ್ತದೆ. ಒಂದು ಸಲ ಬಿತ್ತಿದರೆ ಮುಂದೆ ತಾನೇ ಬಿತ್ತಿಕೊಳ್ಳುತ್ತದೆ. ಮನೆಯವರ ಕೆಲಸ ಇಷ್ಟೇ: ಅಂಗಳದಲ್ಲಿ ಚಾಪೆಯಗಲದ ಜಾಗಕ್ಕೆ ಸಿಮೆಂಟು ಹಾಕಿಸದೆ ಬಿಡುವುದು.