ಕಣ್ಣಿಗೆ ಕಾಣದ ಇಳಿಜಾರು

ಬೇರೆ ದೇಶದ ಬಡ ಹಳ್ಳಿಗೆ ಹೋಗಿ, ಊಟ-ವಸತಿಗೆ ಸಾಲುವಷ್ಟು ಭತ್ಯೆ ಪಡೆದು, ಅಲ್ಲಿನ ರೈತರ ಜೊತೆ ಕೆಲವು ಕಾಲ ದುಡಿಯುವುದು ಕೃಷಿ ಸ್ವಯಂಸೇವೆ. ಇದಕ್ಕೆ ಸಂಘಟಿತ ರೂಪ ಬಂದದ್ದು ಎರಡನೇ ಮಹಾಯುದ್ಧದ ನಂತರ. ಬ್ರಿಟನ್ನಿನ ವಿ.ಎಸ್.ಒ. 1958ರಲ್ಲಿ, ಅಮೆರಿಕದ ಪೀಸ್ ಕೋರ್ 1961ರಲ್ಲಿ, ಜಪಾನಿನ ಸಾಗರೋತ್ತರ ಸ್ವಯಂಸೇವಕ ದಳ 1965ರಲ್ಲಿ ಶುರುವಾದವು. ಪೀಸ್ ಕೋರ್‌ನವರು ಸಾಮಾನ್ಯವಾಗಿ 27 ತಿಂಗಳು ಇರುತ್ತಾರೆ. ಮೊದಲ ಮೂರು ತಿಂಗಳು ಭಾಷೆ ಮತ್ತು ಕೆಲಸದ ತರಬೇತಿಗೇ ಹೋಗುತ್ತದೆ. ಇಂಥ ದುಡಿಮೆಯ ಗುರಿ ಸುಸ್ಥಿರ ಕೃಷಿ, ಅಂದರೆ ಮಣ್ಣು, ನೀರು ಬರಿದಾಗದಂತೆ ಮುಂದಿನ ತಲೆಮಾರಿಗೂ ಬೆಳೆ ಕೊಡುವ ಬೇಸಾಯ.

ಹಿಂದುಳಿದ ಹಳ್ಳಿಯ ರೈತನಿಗೆ ತಿಳಿವಳಿಕೆ ಕಡಿಮೆ, ಹೊರಗಿನವರು ಹೋಗಿ ಕಲಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅನೇಕರು ನಂಬಿದ್ದಾರೆ. ಇದು ಎಷ್ಟು ತಪ್ಪು ಎಂಬುದಕ್ಕೆ ಪಶ್ಚಿಮ ಆಫ್ರಿಕಾದ ಬುರ್ಕಿನಾ ಫಾಸೊ ದೇಶದ ಯಟೆಂಗಾ ಸೀಮೆಗಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. ಇದು ಸಹಾರಾದ ಅಂಚಿನ ಒಣ ಸೀಮೆ. ಮೊಸ್ಸಿ ಜನ ಇಲ್ಲಿ ಜೋಳ, ಸಜ್ಜೆ ಬೆಳೆಯುತ್ತಾರೆ. ಮಳೆಗಾಲ ಮೂರು-ನಾಲ್ಕು ತಿಂಗಳು. ಬರುವ ಮಳೆಯೂ ರಭಸದಿಂದ ಸುರಿದು ನಿಂತುಬಿಡುತ್ತದೆ. ಮೇಲ್ಮಣ್ಣು ಕೊಚ್ಚಿಹೋದ ಕಡೆ ನೆಲದ ಮೇಲೆ ಗಟ್ಟಿ ಪೊರೆ ಕಟ್ಟಿ, ಬಿದ್ದ ನೀರು ಒಳಗಿಳಿಯದೆ ಹರಿದುಹೋಗುತ್ತದೆ.

1962ರಿಂದ 1965ರವರೆಗೆ ಇಲ್ಲಿ ಒಂದು ದೊಡ್ಡ ಯೋಜನೆ ನಡೆಯಿತು. ಭಾರಿ ಯಂತ್ರಗಳು ಸುಮಾರು 1,20,000 ಹೆಕ್ಟೇರಿನಲ್ಲಿ ಮಣ್ಣಿನ ಒಡ್ಡು ಹಾಕಿದವು. ರೈತರನ್ನು ಯಾರೂ ಕೇಳಲಿಲ್ಲ. ಕೇಳದೆ ಹಾಕಿದ ಒಡ್ಡುಗಳನ್ನು ರೈತರು ದುರಸ್ತಿಯೂ ಮಾಡಲಿಲ್ಲ. ಅವು ಮಳೆಯಲ್ಲಿ ಒಡೆದು ಹಾಳಾದವು. 1979ರಲ್ಲಿ ಸ್ವಯಂಸೇವಾ ಸಂಸ್ಥೆ ಆಕ್ಸ್‌ಫ್ಯಾಮ್‌ನ ನೆರವಿನಿಂದ ಇನ್ನೊಂದು ಯೋಜನೆ ಬಂತು. ಮಳೆನೀರು ಹಿಡಿಯುವ ಸಣ್ಣ ಗುಣಿಗಳಲ್ಲಿ ಗಿಡ ನೆಡಿಸುವುದು ಅದರ ಉದ್ದೇಶವಾಗಿತ್ತು. ಆದರೆ ರೈತರ ಆಸಕ್ತಿಯೆಲ್ಲ ಹೊಟ್ಟೆಗೆ ಬೇಕಾದ ಜೋಳದ ಮೇಲೆ. ಯೋಜನೆಯವರು ಹಟ ಹಿಡಿಯದೆ ದಾರಿ ಬದಲಿಸಿದರು. ಅಲ್ಲಿಯ ರೈತರು ಮೊದಲಿನಿಂದಲೂ ಹಾಕುತ್ತಿದ್ದ ಕಲ್ಲಿನ ಸಾಲುಗಳನ್ನೇ ಸುಧಾರಿಸಲು ಹೊರಟರು. ಈ ಇಡೀ ಕಥೆಯಲ್ಲಿ ಮನಸ್ಸಿಗೆ ಅತ್ಯಂತ ಹಿತವಾಗುವ ತಿರುವು ಇದೇ.

ಕಲ್ಲಿನ ಸಾಲು ನೀರನ್ನು ತಡೆದು ನಿಲ್ಲಿಸಲೆಂದೇ ಇರುವುದು ಎಂದು ಸಾಮಾನ್ಯರು ಎಣಿಸುತ್ತಾರೆ. ಹಾಗಲ್ಲ, ಅದರ ಕೆಲಸ ನೀರಿನ ವೇಗ ಮುರಿಯುವುದು. ಮಣ್ಣಿನ ಒಡ್ಡು ನೀರನ್ನು ತಡೆದು ನಿಲ್ಲಿಸುತ್ತದೆ. ಒಂದು ಕಡೆ ಒಡೆದರೆ ನಿಂತ ನೀರೆಲ್ಲ ಅದೇ ಬಾಯಿಂದ ನುಗ್ಗಿ ಕೊರಕಲು ತೋಡುತ್ತದೆ. ಕಲ್ಲಿನ ಸಾಲಿನಲ್ಲಾದರೆ ನೀರು ಸಂದುಗಳಿಂದ ನಿಧಾನವಾಗಿ ಸೋರಿ ಸಾಲಿನುದ್ದಕ್ಕೂ ಹರಡುತ್ತದೆ. ನಿಧಾನವಾದ ನೀರು ಹೊತ್ತು ತಂದ ಮಣ್ಣು, ತರಗೆಲೆ, ಹಿಕ್ಕೆ, ಹುಲ್ಲಿನ ಬೀಜ ಎಲ್ಲವನ್ನೂ ಸಾಲಿನ ಮೇಲ್ಬದಿಯಲ್ಲಿ ಇಳಿಸುತ್ತದೆ. ಬರಬರುತ್ತಾ ಅಲ್ಲಿ ಹೊಸ ಮೇಲ್ಮಣ್ಣು ಕೂಡುತ್ತದೆ.

ಇಷ್ಟೆಲ್ಲ ಆಗಬೇಕಾದರೆ ಸಾಲು ಸಮಪಾತಳಿಯಲ್ಲೇ ಇರಬೇಕು. ಸಾಲು ಒಂದು ಕಡೆ ತುಸು ಇಳಿದರೂ ನೀರು ಅದರ ಗುಂಟ ಓಡಿ ತಗ್ಗಿನಲ್ಲಿ ಸೇರಿ ಕೊರೆಯುತ್ತದೆ. ಯಟೆಂಗಾದ ಹೊಲಗಳ ಇಳಿಜಾರು ಬಲು ಸೌಮ್ಯ. ಎಷ್ಟೇ ಪಳಗಿದ ಕಣ್ಣಿಗೂ ಅದು ಕಾಣುವುದಿಲ್ಲ. ರೈತರಿಗೆ ನಿಜಕ್ಕೂ ಕೊರತೆಯಿದ್ದದ್ದು ಸಮಪಾತಳಿಯನ್ನು ಗುರುತಿಸುವ ಸಾಧನ. ಆ ಕೊರತೆಯನ್ನು ನೀಗಿದ್ದು ಕರ್ನಾಟಕದ ಗಾರೆ ಕೆಲಸದವರೂ ದಿನವೂ ಬಳಸುವ ಲೆವೆಲ್ ಪೈಪು.

ಹತ್ತಿಪ್ಪತ್ತು ಮೀಟರ್ ಉದ್ದದ ಪಾರದರ್ಶಕ ಪೈಪಿನ ಎರಡು ತುದಿಗಳನ್ನು ಒಂದೇ ಎತ್ತರದ, ಒಂದೇ ಬಗೆಯ ಗುರುತುಗಳಿರುವ ಎರಡು ಕೋಲುಗಳಿಗೆ ಕಟ್ಟಿ ನೀರು ತುಂಬಿಸುತ್ತಾರೆ. ಒಬ್ಬರು ಒಂದು ಕೋಲನ್ನು ನೆಲದ ಮೇಲೆ ಊರಿ ನಿಲ್ಲುತ್ತಾರೆ. ಇನ್ನೊಬ್ಬರು ಮತ್ತೊಂದನ್ನು ಹಿಡಿದು, ಎರಡೂ ಕೋಲಿನಲ್ಲಿ ನೀರು ಒಂದೇ ಗುರುತಿಗೆ ಬರುವ ತನಕ ಇಳಿಜಾರಿನಲ್ಲಿ ಮೇಲೆ ಕೆಳಗೆ ಸರಿಯುತ್ತಾರೆ. ಸಿಕ್ಕ ಜಾಗಕ್ಕೆ ಗುದ್ದಲಿಯಿಂದ ಗುರುತು. ಹಿಂದಿನವರು ಮುಂದೆ ಬರಬೇಕು, ಮತ್ತೆ ಅದೇ ಕೆಲಸ. ಪೈಪಿನೊಳಗೆ ಒಂದು ಗಾಳಿಗುಳ್ಳೆ ಉಳಿದರೂ ಲೆಕ್ಕ ತಪ್ಪುತ್ತದೆ. ಅಕ್ಷರ ಬಾರದವರೂ ಇದನ್ನು ಒಂದೆರಡು ದಿನದಲ್ಲಿ ಕಲಿತರು. ಗುರುತಿನ ಗುಂಟ ತೆಳುವಾಗಿ ಕೆತ್ತಿ, ದೊಡ್ಡ ಕಲ್ಲುಗಳನ್ನು ಊರಿ, ಮೇಲ್ಬದಿಗೆ ಸಣ್ಣ ಕಲ್ಲು ಒತ್ತಿದರೆ ಸಾಲು ಸಿದ್ಧ.

ಅದೇ ಸುಮಾರಿಗೆ ಆ ಸೀಮೆಯ ಗೂರ್ಗಾ ಹಳ್ಳಿಯ ರೈತ ಯಾಕೂಬಾ ಸವಾಡೊಗೊ 'ಜಾಯ್' ಎಂಬ ಹಳೆಯ ಗುಣಿ ಪದ್ಧತಿಯನ್ನು ತಾವೇ ತಿದ್ದಿ ಬೆಳೆಸುತ್ತಿದ್ದರು. ಬೇಸಿಗೆಯಲ್ಲೇ ಗುಣಿ ತೋಡಿ ಗೊಬ್ಬರ ಹಾಕಿಟ್ಟರೆ ಗೆದ್ದಲು ಬಂದು ಗಟ್ಟಿ ನೆಲವನ್ನು ಕೊರೆಯುತ್ತದೆ. ಮಳೆ ಬಿದ್ದಾಗ ಆ ದಾರಿಗಳಲ್ಲಿ ನೀರು ಇಳಿಯುತ್ತದೆ. ಬೆಳೆಗೆ ಶತ್ರು ಎನಿಸಿಕೊಂಡ ಗೆದ್ದಲನ್ನೇ ಕೂಲಿಗೆ ಕರೆದ ಈ ಜಾಣ್ಮೆ ಯಾವ ಹೊರಗಿನವರೂ ಹೇಳಿಕೊಟ್ಟದ್ದಲ್ಲ. ಕಲ್ಲಿನ ಸಾಲು ಮತ್ತು ಜಾಯ್ ಜೊತೆಗೂಡಿದ ಕಡೆ ಪಾಳುಬಿದ್ದ ನೆಲ ಮತ್ತೆ ಬೆಳೆಗೆ ಬಂತು. ಸವಾಡೊಗೊ ಅವರಿಗೆ 2018ರಲ್ಲಿ ರೈಟ್ ಲೈವ್ಲಿಹುಡ್ ಪ್ರಶಸ್ತಿ ಸಂದಿತು.

ಈ ವಿಧಾನಕ್ಕೂ ಮಿತಿಯಿದೆ. ಒಂದು ಹೆಕ್ಟೇರಿಗೆ ಹತ್ತಾರು ಟನ್ ಕಲ್ಲು ಬೇಕು. ಹತ್ತಿರದ ಕಲ್ಲು ಮುಗಿದ ಮೇಲೆ ಲಾರಿಯಲ್ಲಿ ತರಬೇಕು. ಲಾರಿಯಿಲ್ಲದವರು, ಅದರಲ್ಲೂ ಹೆಂಗಸರು, ತಲೆಯ ಮೇಲೆ ಹೊರಬೇಕು. ಗೊಬ್ಬರವಿಲ್ಲದೆ ಬರೀ ಹಸಿ ಹಿಡಿದಿಟ್ಟರೆ ಕೆಲವೇ ವರ್ಷಗಳಲ್ಲಿ ಮಣ್ಣಿನ ಸಾರ ತೀರುತ್ತದೆ. ಕಲ್ಲು ಸಿಗದ ಕಡೆ ರೈತರು ಹುಲ್ಲಿನ ಬದು ಬೆಳೆಸುತ್ತಾರೆ.

ಹುಲ್ಲಿನ ಬದುವಿನ ವಿಚಾರದಲ್ಲಿ ಕರ್ನಾಟಕವೇ ಹೊರದೇಶಗಳಿಗೆ ಪಾಠ ಹೇಳಿದೆ. ಗುಂಡ್ಲುಪೇಟೆ ಕಡೆಯ ರೈತರು ತಲೆಮಾರುಗಳಿಂದ ಹೊಲದ ಅಂಚಿಗೆ ಲಾವಂಚ ನೆಡುತ್ತಿದ್ದುದನ್ನು 1980ರ ದಶಕದಲ್ಲಿ ವಿಶ್ವಬ್ಯಾಂಕಿನ ಮಣ್ಣು ತಜ್ಞರು ಗಮನಿಸಿದರು. ಆಮೇಲೆ ಮಣ್ಣು ಹಿಡಿಯುವ ಉಪಾಯವಾಗಿ ಆ ಹುಲ್ಲು ಅನೇಕ ದೇಶಗಳಿಗೆ ಹರಡಿತು. ಲಾವಂಚ ಯಾವ ಮಣ್ಣಿನಲ್ಲಿ ಎಷ್ಟು ವರ್ಷಕ್ಕೆ ಬದುವಾಗಿ ನಿಲ್ಲುತ್ತದೆ, ಪಕ್ಕದ ಬೆಳೆಯ ಹಸಿಯನ್ನು ಎಷ್ಟು ಹೀರುತ್ತದೆ, ದನ ಮೇಯುವ ಕಡೆ ಉಳಿಯುತ್ತದೆಯೇ ಎಂಬುದನ್ನು ಆ ಹೊಲಗಳಲ್ಲಿ ಹಿರಿಯ ರೈತರ ಜೊತೆ ನಡೆದಾಡಿ ದಾಖಲಿಸುವ ಕೆಲಸಕ್ಕೆ ಕನ್ನಡದ ವಿದ್ಯಾರ್ಥಿಗಳು ಮುಂದಾಗಬೇಕು. ಹೊರದೇಶಕ್ಕೆ ಹೋಗಬಯಸುವ ಸ್ವಯಂಸೇವಕರಿಗೂ ಇದಕ್ಕಿಂತ ಒಳ್ಳೆಯ ತರಬೇತಿ ಬೇರೆಲ್ಲೂ ಸಿಗದು.