ಮದ್ದಿನ ಕೆಲಸ, ಹೆಂಗಸರ ಕೈ

ದೀಪಾವಳಿ ಬಂತು. ಮಕ್ಕಳ ಕೈಯಲ್ಲಿ ಸುರುಸುರು ಬತ್ತಿ. ಅಂಗಳದಲ್ಲಿ ಹೂಕುಂಡ, ನೆಲಚಕ್ರ. ಬೀದಿ ತುಂಬಾ ಸರಪಟಾಕಿ ಸದ್ದು. ನೋಡೋಕೆ ಚೆಂದ. ಆದರೆ ಇವನ್ನೆಲ್ಲ ಮಾಡಿದವರು ಯಾರು? ಹೇಗೆ ಮಾಡಿದರು? ಬನ್ನಿ, ತಿಳಿಯೋಣ.

ಮದ್ದು ಎಂದರೇನು?

ನಮ್ಮ ಮಾತಿನಲ್ಲಿ ಮದ್ದು ಅಂದರೆ ಔಷಧಿ. ಪಟಾಕಿ ಒಳಗಿನ ಪುಡಿಗೂ ಮದ್ದು ಅಂತಲೇ ಹೆಸರು. ಒಂದು ಜೀವ ಉಳಿಸುತ್ತದೆ. ಇನ್ನೊಂದು, ಎಚ್ಚರ ತಪ್ಪಿದರೆ, ಜೀವ ತೆಗೆಯುತ್ತದೆ.

ಹಳೆಯ ಕಾಲದ ಮದ್ದಿನಲ್ಲಿ ಮೂರು ವಸ್ತು ಇರುತ್ತಿದ್ದವು. ಇದ್ದಿಲು, ಗಂಧಕ ಮತ್ತು ಪೆಟ್ಲುಪ್ಪು. ಇದ್ದಿಲು ಉರಿಯುತ್ತದೆ. ಗಂಧಕ ಬೇಗ ಹೊತ್ತಿಕೊಳ್ಳುತ್ತದೆ. ಪೆಟ್ಲುಪ್ಪು ಬೆಂಕಿಗೆ ಬೇಕಾದ ಪ್ರಾಣವಾಯು ಕೊಡುತ್ತದೆ. ಒಲೆ ಉರಿಯಲಿ ಅಂತ ನಾವು ಊದುಗೊಳವೆ ಹಿಡಿದು ಊದುತ್ತೇವೆ, ಅಲ್ವಾ? ಮದ್ದಿಗೆ ಊದುವವರು ಬೇಡ. ಊದುಗೊಳವೆ ಅದರ ಹೊಟ್ಟೆಯಲ್ಲೇ ಇದೆ. ಅದಕ್ಕೇ ಅದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಉರಿದುಬಿಡುತ್ತದೆ. ಬಿಗಿಯಾಗಿ ಸುತ್ತಿದ ಕಾಗದದ ಒಳಗೆ ಉರಿದರೆ ಹೊಗೆಗೆ ಜಾಗ ಸಾಲದು. ಕಾಗದ ಹರಿದು ಢಂ ಅನ್ನುತ್ತದೆ.

ಈ ಕಸುಬು ನಮ್ಮ ನಾಡಿಗೆ ಹೊಸದಲ್ಲ. 1443ರಲ್ಲಿ ಅಬ್ದುರ್ ರಜಾಕ್ ಎಂಬ ರಾಯಭಾರಿ ಪರ್ಷಿಯಾ ದೇಶದಿಂದ ವಿಜಯನಗರಕ್ಕೆ ಬಂದಿದ್ದ. ಅಲ್ಲಿನ ಮಹಾನವಮಿಯಲ್ಲಿ ಕಂಡ ಬಾಣಬಿರುಸಿನ ಬಗ್ಗೆ ಅವನು ಬರೆದಿಟ್ಟಿದ್ದಾನೆ.

ಪಟಾಕಿ ಊರು

ಈಗ ನಾವು ಹಚ್ಚುವ ಪಟಾಕಿಯಲ್ಲಿ ಹೆಚ್ಚಿನದು ಬರುವುದು ತಮಿಳುನಾಡಿನ ಶಿವಕಾಶಿ ಕಡೆಯಿಂದ. ಅಲ್ಲಿ ಮಳೆ ಕಡಿಮೆ. ಬೇಸಾಯ ನಂಬಿ ಬದುಕೋದು ಕಷ್ಟ. 1923ರಲ್ಲಿ ಆ ಊರಿನ ಅಯ್ಯ ನಾಡಾರ್ ಮತ್ತು ಷಣ್ಮುಗ ನಾಡಾರ್ ಕಲ್ಕತ್ತಾಕ್ಕೆ ಹೋದರು. ಬೆಂಕಿಪೊಟ್ಟಣ ಮಾಡೋದನ್ನು ಕಲಿತು ಬಂದರು. ಬೆಂಕಿಪೊಟ್ಟಣದ ಹಿಂದೆಯೇ ಪಟಾಕಿ ಬಂತು. ಬೆಳೆಗೆ ಬೇಡವಾದ ಒಣ ಹವೆ ಮದ್ದು ಒಣಗಿಸೋಕೆ ಒಳ್ಳೆಯದಾಯಿತು.

ಅಲ್ಲಿ ದುಡಿಯುವವರಲ್ಲಿ ಹೆಂಗಸರು ಬಹಳ. ನಮ್ಮ ಕಡೆ ಬೀಡಿ ಸುತ್ತುವ, ಊದುಬತ್ತಿ ಹೊಸೆಯುವ ಅಕ್ಕಂದಿರಿಗೆ ಆ ಕೆಲಸ ಕೂಡಲೇ ಅರ್ಥವಾಗುತ್ತದೆ. ಹಳೆಯ ಕಾಗದವನ್ನು ಕಡ್ಡಿಗೆ ಸುತ್ತಿ ಕೊಳವೆ ಮಾಡುತ್ತಾರೆ. ಮದ್ದು ತುಂಬಿ ಬತ್ತಿ ಕೂರಿಸುತ್ತಾರೆ. ಆಮೇಲೆ ಹೂವು ಕಟ್ಟಿದ ಹಾಗೆ ಒಂದೊಂದೇ ಪಟಾಕಿಯ ಬತ್ತಿಯನ್ನು ಹೆಣೆದು ಸರ ಮಾಡುತ್ತಾರೆ. ಬೆರಳು ಚುರುಕಾಗಿ ಓಡಬೇಕು. ಎಷ್ಟು ಮಾಡಿದರೆ ಅಷ್ಟು ಕೂಲಿ.

ಸುರುಸುರು ಬತ್ತಿಯದು ಬೇರೆ ರೀತಿ. ತಂತಿಗಳನ್ನು ಮರದ ಚೌಕಟ್ಟಿನಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ದೋಸೆ ಹಿಟ್ಟಿನ ಹಾಗೆ ಕಲಸಿದ ಮದ್ದಿನಲ್ಲಿ ಅದ್ದುತ್ತಾರೆ. ಬಿಸಿಲಲ್ಲಿ ಒಣಗಿಸಿ ಮತ್ತೆ ಅದ್ದುತ್ತಾರೆ. ಮದ್ದಿನಲ್ಲಿ ಕಬ್ಬಿಣದ ಪುಡಿ ಇದ್ದರೆ ಹೊಂಬಣ್ಣದ ಕಿಡಿ. ಅಲ್ಯೂಮಿನಿಯಂ ಪುಡಿ ಇದ್ದರೆ ಬೆಳ್ಳಿಯಂಥ ಬಿಳಿ ಕಿಡಿ.

ಅಪಾಯ ಎಲ್ಲಿದೆ?

ಮದ್ದು ಹೊತ್ತಿಕೊಳ್ಳಲು ಬೆಂಕಿಕಡ್ಡಿಯೇ ಬೇಕು ಅಂತಿಲ್ಲ. ಉಜ್ಜಿದರೆ ಸಾಕು. ಕಬ್ಬಿಣಕ್ಕೆ ಕಲ್ಲು ತಾಗಿ ಸಣ್ಣ ಕಿಡಿ ಹಾರಿದರೆ ಸಾಕು. ನೈಲಾನ್ ಸೀರೆ ಬಿಚ್ಚುವಾಗ ಚಟಪಟ ಅನ್ನುತ್ತದಲ್ಲ, ಆ ಕಿಡಿಯೂ ಸಾಕು. ಅದಕ್ಕೇ ಅಲ್ಲಿ ಹತ್ತಿ ಬಟ್ಟೆಯನ್ನೇ ಉಡಬೇಕು. ಕಬ್ಬಿಣದ ಸಾಮಾನು ಬಳಸಬಾರದು. ಬಿಸಿಲು ಏರುವ ಮೊದಲೇ ಮದ್ದು ಬೆರೆಸುವ ಕೆಲಸ ಮುಗಿಯಬೇಕು. ಮದ್ದು ತುಂಬುವ ಒಂದು ಕೋಣೆಯಲ್ಲಿ 4 ಜನಕ್ಕಿಂತ ಹೆಚ್ಚು ಕೂರಬಾರದು. ಕೋಣೆ ಕೋಣೆಗೂ ನಡುವೆ ದೂರ ಇರಬೇಕು. ಒಂದು ಹೊತ್ತಿದರೂ ಇನ್ನೊಂದು ಉಳಿಯಲಿ ಅಂತ.

ಹಬ್ಬ ಹತ್ತಿರ ಬಂದಾಗ ಅವಸರ ಜಾಸ್ತಿ. 4 ಜನರ ಜಾಗದಲ್ಲಿ 10 ಜನರನ್ನು ಕೂರಿಸುತ್ತಾರೆ. ಮರದ ನೆರಳಲ್ಲೂ ಮದ್ದು ತುಂಬಿಸುತ್ತಾರೆ. ಅನಾಹುತ ಆಗೋದು ಆವಾಗಲೇ. 2012ರ ಸೆಪ್ಟೆಂಬರ್ 5ರಂದು ಶಿವಕಾಶಿ ಬಳಿಯ ಮುದಲಿಪಟ್ಟಿಯಲ್ಲಿ ಕಾರ್ಖಾನೆ ಸಿಡಿದು 40ರಷ್ಟು ಜನ ಸತ್ತರು. ಅವರಲ್ಲಿ ಹಲವರು ಸಹಾಯಕ್ಕೆ, ನೋಡೋಕೆ ಅಂತ ಓಡಿ ಬಂದವರು. ನಮ್ಮ ರಾಜ್ಯದಲ್ಲೂ ಹೀಗಾಗಿದೆ. 2023ರ ಅಕ್ಟೋಬರ್ 7ರಂದು ಆನೇಕಲ್ ತಾಲ್ಲೂಕಿನ ಅತ್ತಿಬೆಲೆಯಲ್ಲಿ ಪಟಾಕಿ ಗೋದಾಮಿಗೆ ಬೆಂಕಿ ಬಿತ್ತು. 14ಕ್ಕೂ ಹೆಚ್ಚು ಜನ ಸತ್ತರು. ಹಬ್ಬದ ಖರ್ಚಿಗೆ ನಾಲ್ಕು ಕಾಸು ಸಿಗಲಿ ಅಂತ ತಮಿಳುನಾಡಿನಿಂದ ಕೆಲಸಕ್ಕೆ ಬಂದಿದ್ದ ಹುಡುಗರೂ ಅವರಲ್ಲಿದ್ದರು.

ಮನೆಯಲ್ಲಿ ಬೇಡವೇ ಬೇಡ

ಬೀಡಿ ಎಲೆ ಮನೆಗೆ ತರಬಹುದು. ಮದ್ದು ತರಬಾರದು. ಒಲೆ, ದೀಪ, ಮಕ್ಕಳು ಎಲ್ಲ ಅಲ್ಲೇ ಇರುತ್ತಾರೆ. ಲೈಸೆನ್ಸ್ ಇಲ್ಲದೆ ಪಟಾಕಿ ಮಾಡೋದು ಕಾನೂನಿನಲ್ಲಿ ಅಪರಾಧ. ಕೆಲವು ಹುಡುಗರು ಹೊತ್ತದ ಪಟಾಕಿ ಬಿಚ್ಚಿ, ಮದ್ದು ಕೂಡಿಸಿ, ದೊಡ್ಡ ಪಟಾಕಿ ಮಾಡಲು ಹೋಗುತ್ತಾರೆ. ಅವರಿಗದು ಆಟ. ಬೆರಳು ಹೋದ ಮೇಲೆ, ಕಣ್ಣು ಹೋದ ಮೇಲೆ ಅಳುವವರು ನಾವು. ಹೊತ್ತದ ಪಟಾಕಿಯನ್ನು ಮುಟ್ಟಗೊಡಬೇಡಿ. ಸ್ವಲ್ಪ ಹೊತ್ತು ಬಿಟ್ಟು, ದೂರದಿಂದ ಅದರ ಮೇಲೆ ನೀರು ಸುರಿಯಿರಿ.

14 ವರ್ಷದೊಳಗಿನ ಮಕ್ಕಳನ್ನು ಯಾವ ಕೂಲಿಗೂ ಇಟ್ಟುಕೊಳ್ಳುವಂತಿಲ್ಲ. ಪಟಾಕಿಯಂಥ ಅಪಾಯದ ಕೆಲಸಕ್ಕೆ 18 ತುಂಬಿರಲೇಬೇಕು.

ಓದು ಬಂದಿದೆ, ಓದೋಣ

ಈಗ ನಮಗೆ ಅಕ್ಷರ ಬಂದಿದೆ. ಅದನ್ನು ಎಲ್ಲಿ ಬಳಸೋಣ?

ಪೊಟ್ಟಣ ಕೊಳ್ಳುವಾಗ ಮೇಲಿನ ಬರಹ ಓದೋಣ. 2018ರಲ್ಲಿ ಸುಪ್ರೀಂ ಕೋರ್ಟು ಪಟಾಕಿಯಲ್ಲಿ ಬೇರಿಯಂ ಉಪ್ಪು ಹಾಕಬಾರದು ಎಂದಿತು. ಹೊಗೆ ಕಡಿಮೆ ಬರುವ ಹಸಿರು ಪಟಾಕಿ ಮಾತ್ರ ಮಾಡಿ ಎಂದಿತು. ಅದರ ಪೊಟ್ಟಣದ ಮೇಲೆ ಹಸಿರು ಗುರುತು ಇರುತ್ತದೆ. ಹಸಿರು ಪಟಾಕಿಯೂ ಸುಡುತ್ತದೆ, ಮರೆಯಬೇಡಿ.

ಕೆಲಸಕ್ಕೆ ಹೋದ ಕಡೆ ಬೋರ್ಡು ಓದೋಣ. ಪಟಾಕಿ ಆಗಲಿ, ಬೇರೆ ಕಾರ್ಖಾನೆ ಆಗಲಿ, ಹಾಜರಿ ಪುಸ್ತಕದಲ್ಲಿ ನಮ್ಮ ಹೆಸರು ಇದೆಯಾ ಅಂತ ನೋಡೋಣ. ಕೆಲಸದಲ್ಲಿ ಗಾಯವಾದರೆ ಪರಿಹಾರ ಕೇಳುವ ಹಕ್ಕು ನಮಗಿದೆ. ಆದರೆ ಪುಸ್ತಕದಲ್ಲಿ ಹೆಸರೇ ಇಲ್ಲದಿದ್ದರೆ, "ಇವಳು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ" ಅಂದುಬಿಡುತ್ತಾರೆ. ಆಗ ಹಕ್ಕನ್ನು ಸಾಧಿಸೋದು ಬಹಳ ಕಷ್ಟ.

ನಾವು ಮೊದಲು ಬರೆಯಲು ಕಲಿತದ್ದು ನಮ್ಮ ಹೆಸರನ್ನೇ. ಅದು ಎಲ್ಲಿ ಇರಬೇಕೋ ಅಲ್ಲಿ ಇದೆಯಾ ಅಂತ ನೋಡುವುದನ್ನೂ ಕಲಿಯೋಣ.

ಮಾತಾಡೋಣ

1. ನಮ್ಮ ಊರಿನ ಪಟಾಕಿ ಅಂಗಡಿ ಎಲ್ಲಿದೆ? ಪಕ್ಕದಲ್ಲಿ ಮನೆ, ಶಾಲೆ ಇದೆಯೇ?
2. ಜಾತ್ರೆಯಲ್ಲಿ ಬಾಣಬಿರುಸು ಹಚ್ಚುವವರು ಯಾರು? ಅವರಿಗೆ ಲೈಸೆನ್ಸ್ ಇದೆಯೇ?
3. ನಮ್ಮಲ್ಲಿ ಕೂಲಿಗೆ ಹೋಗುವ ಎಷ್ಟು ಜನರ ಹೆಸರು ಹಾಜರಿ ಪುಸ್ತಕದಲ್ಲಿದೆ?