ಡೇವಿಡ್ ಸಸೂನ್: ವ್ಯಾಪಾರ ಮತ್ತು ದಾನಧರ್ಮ

ಹತ್ತೊಂಬತ್ತನೆಯ ಶತಮಾನದ ಮುಂಬಯಿಯ ವಾಣಿಜ್ಯ ಚರಿತ್ರೆಯಲ್ಲಿ ಪಾರ್ಸಿ ಹಾಗೂ ಗುಜರಾತಿ ವರ್ತಕರಷ್ಟೇ ಗಣನೀಯವಾದ ಪಾತ್ರ ಬಾಗ್ದಾದಿ ಯಹೂದಿಗಳದು. ಇವರಲ್ಲಿ ಅಗ್ರಗಣ್ಯನಾದವನು ಡೇವಿಡ್ ಸಸೂನ್.

ಈತ 1792ರಲ್ಲಿ ಬಾಗ್ದಾದಿನಲ್ಲಿ ಜನಿಸಿದನು. ತಂದೆ ಅಲ್ಲಿನ ಪಾಷಾಗಳ ಖಜಾಂಚಿಯೂ ಯಹೂದಿ ಸಮುದಾಯದ ಮುಖ್ಯಸ್ಥನೂ ಆಗಿದ್ದನು. ದಾವೂದ್ ಪಾಷಾನ ಆಳ್ವಿಕೆಯಲ್ಲಿ ಕಿರುಕುಳ ಹೆಚ್ಚಿದಾಗ ಕುಟುಂಬವು ಪಲಾಯನ ಮಾಡಿ ಪರ್ಷಿಯಾದ ಬುಶೇರ್ ಬಂದರನ್ನು ಸೇರಿತು. 1830ರ ದಶಕದ ಆರಂಭದಲ್ಲಿ ಡೇವಿಡನು ಮುಂಬಯಿಗೆ ಬಂದು ನೆಲೆಸಿದನು. 1853ರಲ್ಲಿ ಬ್ರಿಟಿಷ್ ಪ್ರಜೆಯಾದರೂ ಆತನ ವ್ಯವಹಾರದ ಭಾಷೆ ಇಂಗ್ಲಿಷ್ ಆಗಲಿಲ್ಲ. ಸಂಸ್ಥೆಯ ಪತ್ರವ್ಯವಹಾರ ಬಹುಮಟ್ಟಿಗೆ ಹೀಬ್ರೂ ಲಿಪಿಯಲ್ಲಿ ಬರೆದ ಅರಬ್ಬಿಯಲ್ಲಿ ನಡೆಯುತ್ತಿತ್ತು. ಹೊರಗಿನವರಿಗೆ ಓದಲಾಗದ ಈ ಬರಹ ವ್ಯಾಪಾರದ ಗುಟ್ಟನ್ನು ಕಾಪಾಡಲೂ ಒದಗಿತೆನ್ನಬೇಕು.

ಎಂಟು ಮಂದಿ ಗಂಡುಮಕ್ಕಳೇ ಸಂಸ್ಥೆಯ ಬೆನ್ನೆಲುಬು. 1842ರ ನಾನ್‌ಕಿಂಗ್ ಒಪ್ಪಂದದಿಂದ ಚೀನಾದ ಬಂದರುಗಳು ತೆರೆದುಕೊಂಡಾಗ ಮಗ ಇಲಿಯಾಸನು ಅಲ್ಲಿಗೆ ತೆರಳಿ ಶಾಖೆಗಳನ್ನು ಕಟ್ಟಿದನು. ಅಲ್ಲಿಗೆ ಹೋಗುತ್ತಿದ್ದ ಮುಖ್ಯ ಸರಕು ಮಾಳವದ ಅಫೀಮು. 1858ರ ಬಳಿಕ ಚೀನಾದಲ್ಲಿ ಅದರ ಆಮದು ಸುಂಕಕ್ಕೊಳಪಟ್ಟು ಕಾನೂನುಬದ್ಧವಾಯಿತು. 1870ರ ದಶಕದ ವೇಳೆಗೆ ಸಸೂನ್ ಸಂಸ್ಥೆ ಈ ವಹಿವಾಟಿನಲ್ಲಿ ಪ್ರತಿಸ್ಪರ್ಧಿಗಳನ್ನು ಹಿಂದಿಕ್ಕಿತ್ತು. 1861-65ರ ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆ ಏರಿ ಮುಂಬಯಿಯ ವರ್ತಕರೆಲ್ಲರಿಗೂ ಅಪಾರ ಲಾಭ ಬಂದಿತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಸೀಮೆಯ ಹತ್ತಿಗೂ ಅದೇ ಕಾಲದಲ್ಲಿ ಬೇಡಿಕೆ ಕುದುರಿತೆಂಬುದನ್ನು ಇಲ್ಲಿ ನೆನೆಯಬಹುದು.

ಮುಂಬಯಿಯ ಬೈಕುಲ್ಲಾದ ಮಾಗೆನ್ ಡೇವಿಡ್ ಸಿನಗಾಗ್, ಪುಣೆಯಲ್ಲಿ ಜನರು 'ಲಾಲ್ ದೇವಳ' ಎಂದು ಕರೆಯುವ ಓಹೆಲ್ ಡೇವಿಡ್ ಸಿನಗಾಗ್, ಅಲ್ಲಿಯೇ ಇರುವ ಸಸೂನ್ ಆಸ್ಪತ್ರೆ, ದಾರಿ ತಪ್ಪಿದ ಬಾಲಕರಿಗೆ ಕಸಬು ಕಲಿಸುವ ಸುಧಾರಣಾ ಶಾಲೆ, ಇವೆಲ್ಲ ಆತನ ದಾನದ ಕುರುಹುಗಳು. ಮುಂಬಯಿಯ ಕಾಲಾಘೋಡಾದ ಗ್ರಂಥಾಲಯ ಕಟ್ಟಡಕ್ಕೆ ಆತನಿತ್ತ ಮೊತ್ತ 60,000 ರೂಪಾಯಿ. ಕಟ್ಟಡ ಮುಗಿದದ್ದು 1870ರಲ್ಲಿ. ಆಸ್ಪತ್ರೆಯ ಬಾಗಿಲು ಮತಭೇದವಿಲ್ಲದೆ ತೆರೆದಿತ್ತೆಂಬುದು ವಿಶೇಷವಾಗಿ ಗಮನಾರ್ಹ.

ಈ ದಾನವನ್ನು ಅಫೀಮಿನ ಪಾಪಕ್ಕೆ ಪ್ರಾಯಶ್ಚಿತ್ತವೆಂದು ವ್ಯಾಖ್ಯಾನಿಸುವವರಿದ್ದಾರೆ. ಈ ನಿಲುವು ಒಪ್ಪತಕ್ಕದ್ದಲ್ಲ. ವಹಿವಾಟಿನ ಒಂದು ಪಾಲನ್ನು ಧರ್ಮಕಾರ್ಯಕ್ಕೆಂದು ಲೆಕ್ಕದಲ್ಲಿಯೇ ತೆಗೆದಿರಿಸುವುದು ಸಂಸ್ಥೆಯ ಪದ್ಧತಿಯಾಗಿತ್ತು. ಅದು ಯಹೂದಿ ಧರ್ಮ ವಿಧಿಸಿದ ಕರ್ತವ್ಯ. ಅಫೀಮಾದರೋ ಆ ಕಾಲದ ಸರ್ಕಾರದ ಬೊಕ್ಕಸಕ್ಕೇ ಆಧಾರವಾಗಿದ್ದ ಸರಕು. ವರ್ತಕನಿಗೆ ತಪ್ಪಿತಸ್ಥ ಭಾವವಿತ್ತೆಂದು ಊಹಿಸುವುದು ನಮ್ಮ ಕಾಲದ ಅಳತೆಗೋಲು. ಹಾಗೆಂದು ಚೀನಾದ ಜನತೆ ತೆತ್ತ ಬೆಲೆಯನ್ನು ಆಸ್ಪತ್ರೆಯ ಹೆಸರಿನಲ್ಲಿ ಮರೆಮಾಡುವುದೂ ಚರಿತ್ರೆಕಾರನಿಗೆ ಸಲ್ಲದು. ಒಂದೇ ಹಣ ಎರಡೂ ಕಡೆ ಹರಿದಿದೆ.

1864ರ ನವೆಂಬರಿನಲ್ಲಿ ಡೇವಿಡ್ ಸಸೂನ್ ಪುಣೆಯಲ್ಲಿ ನಿಧನನಾದನು. ಆಗ ಆಸ್ಪತ್ರೆಯಾಗಲಿ ಓಹೆಲ್ ಡೇವಿಡ್ ಆಗಲಿ ಪೂರ್ಣಗೊಂಡಿರಲಿಲ್ಲ. ಎರಡೂ ಮುಗಿದದ್ದು 1867ರಲ್ಲಿ. ಆತನ ಸಮಾಧಿ ಆ ಸಿನಗಾಗಿನ ಆವರಣದಲ್ಲಿಯೇ ಇದೆ.